ರಾಮಾನುಜನ್ ಕಲಿತ ಕಾಲೇಜುಗಳು

ಕೊಡಗಿನಲ್ಲಿ ಹುಟ್ಟಿದ ಕಾವೇರಿಯು ಕನ್ನಡ ನಾಡನ್ನು ಹಾದು, ತಮಿಳುನಾಡಿನ ಬಯಲಿಗಿಳಿದು, ಸಮುದ್ರವನ್ನು ಸೇರುವ ಮೊದಲು ಅನೇಕ ಕವಲುಗಳಾಗಿ ಒಡೆಯುತ್ತದೆ. ಆ ಕವಲುಗಳ ನೀರು ಹರಿಯುವ ಹಸಿರು ಸೀಮೆಯಲ್ಲಿ ಕುಂಭಕೋಣವೆಂಬ ಪುರಾತನ ಪಟ್ಟಣವಿದೆ. ದೇವಾಲಯಗಳಿಗೂ ರೇಷ್ಮೆಯ ಸೀರೆಗಳಿಗೂ ಹೆಸರಾದ ಈ ಪಟ್ಟಣದಲ್ಲಿ, ನದಿಯ ದಡದ ಮೇಲೆ ಒಂದು ಸರ್ಕಾರಿ ಕಾಲೇಜು ಇದ್ದಿತು. ಅಲ್ಲಿಯ ಪಾಠಪ್ರವಚನಗಳ ಕೀರ್ತಿ ಎಷ್ಟೆಂದರೆ, ಜನರು ಅದನ್ನು ದಕ್ಷಿಣ ಭಾರತದ ಕೇಂಬ್ರಿಡ್ಜ್ ಎಂದೇ ಕರೆಯುತ್ತಿದ್ದರು. 1904ರಲ್ಲಿ ಹದಿನಾರು ವರ್ಷ ತುಂಬಿದ ಹುಡುಗನೊಬ್ಬನು ವಿದ್ಯಾರ್ಥಿವೇತನವನ್ನು ಪಡೆದು ಈ ಕಾಲೇಜನ್ನು ಸೇರಿದನು. ಅವನು ಅಲ್ಲಿ ಉತ್ತೀರ್ಣನಾಗಲಿಲ್ಲ. ಮುಂದೆ ಮದರಾಸಿನ ಇನ್ನೊಂದು ಕಾಲೇಜಿಗೆ ಹೋದನು, ಅಲ್ಲಿಯೂ ಉತ್ತೀರ್ಣನಾಗಲಿಲ್ಲ. ಹತ್ತು ವರ್ಷಗಳ ತರುವಾಯ ಇಂಗ್ಲೆಂಡಿನ ಕೇಂಬ್ರಿಡ್ಜೇ ಅವನನ್ನು ಕರೆಸಿಕೊಂಡಿತು. ಆ ಹುಡುಗನೇ ಶ್ರೀನಿವಾಸ ರಾಮಾನುಜನ್.

ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನಲ್ಲಿದ್ದ ತಾಯಿಯ ತವರು ಮನೆಯಲ್ಲಿ. ತಂದೆ ಶ್ರೀನಿವಾಸ ಅಯ್ಯಂಗಾರರು ಕುಂಭಕೋಣದ ಒಂದು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಅವರ ತಿಂಗಳ ಸಂಬಳ ಸುಮಾರು 20 ರೂಪಾಯಿ. ತಾಯಿ ಕೋಮಲತ್ತಮ್ಮಾಳ್ ದೇವಾಲಯದಲ್ಲಿ ಭಜನೆ ಹಾಡಿ ಅಷ್ಟಿಷ್ಟು ಸಂಪಾದಿಸುತ್ತಿದ್ದರು. ಸಾರಂಗಪಾಣಿ ದೇವಾಲಯದ ಸನ್ನಿಧಿ ಬೀದಿಯಲ್ಲಿ ಅವರ ಪುಟ್ಟ ಮನೆ. ಸಂಸಾರಕ್ಕೆ ನೆರವಾಗಲೆಂದು ಕಾಲೇಜಿನ ವಿದ್ಯಾರ್ಥಿಗಳನ್ನು ಮನೆಯಲ್ಲಿ ಇರಿಸಿಕೊಳ್ಳುತ್ತಿದ್ದುದೂ ಉಂಟು. ಈ ವಿದ್ಯಾರ್ಥಿಗಳಿಂದಲೇ ಬಾಲಕ ರಾಮಾನುಜನ್‌ಗೆ ದೊಡ್ಡವರ ಗಣಿತದ ಪರಿಚಯವಾಯಿತು. ಅವರಿಗೆ ಗೊತ್ತಿದ್ದುದೆಲ್ಲ ಕೆಲವೇ ತಿಂಗಳುಗಳಲ್ಲಿ ಮುಗಿದುಹೋಗಿ, ಕೊನೆಗೆ ಅವರೇ ಈ ಹುಡುಗನ ಬಳಿಗೆ ಸಂದೇಹಗಳನ್ನು ತರುವಂತಾಯಿತು.

ರಾಮಾನುಜನ್ ಶಾಲೆಯಲ್ಲಿ ದಡ್ಡನಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಗಣಿತವೊಂದನ್ನು ಬಿಟ್ಟರೆ ಬೇರೇನೂ ಅವನಿಗೆ ಬರುತ್ತಿರಲಿಲ್ಲವೆಂದು ಭಾವಿಸುವವರು ಅನೇಕರಿದ್ದಾರೆ. ಅದು ನಿಜವಲ್ಲ. 1897ರಲ್ಲಿ ನಡೆದ ಪ್ರಾಥಮಿಕ ಪರೀಕ್ಷೆಯಲ್ಲಿ ಇಂಗ್ಲಿಷ್, ತಮಿಳು, ಭೂಗೋಳ, ಅಂಕಗಣಿತ ಇವೆಲ್ಲವುಗಳಲ್ಲಿಯೂ ಚೆನ್ನಾಗಿ ಉತ್ತರಿಸಿ, ತಂಜಾವೂರು ಜಿಲ್ಲೆಗೇ ಮೊದಲಿಗನಾದನು. ಆ ಬಳಿಕ ಕುಂಭಕೋಣದ ಟೌನ್ ಹೈಸ್ಕೂಲಿನಲ್ಲಿ ಆರು ವರ್ಷ ಕಲಿತನು. ಹದಿಮೂರನೆಯ ವಯಸ್ಸಿಗೆ ಲೋನಿ ಎಂಬ ಆಂಗ್ಲ ವಿದ್ವಾಂಸರ ತ್ರಿಕೋನಮಿತಿಯ ಗ್ರಂಥವನ್ನು ತಾನಾಗಿಯೇ ಓದಿ ಮುಗಿಸಿದ್ದನು. ಶಾಲೆಯ ಸುಮಾರು 1200 ವಿದ್ಯಾರ್ಥಿಗಳನ್ನು ಮೂವತ್ತೈದರಷ್ಟು ಉಪಾಧ್ಯಾಯರಿಗೆ ಹಂಚಿ ವ್ಯವಸ್ಥೆ ಮಾಡುವ ತೊಡಕಿನ ಕೆಲಸವನ್ನು ಗಣಿತದ ಉಪಾಧ್ಯಾಯರು ಈ ಹುಡುಗನಿಗೇ ಒಪ್ಪಿಸಿದ್ದರಂತೆ. 1904ರಲ್ಲಿ ಶಾಲೆಯ ಸಮಾರಂಭದಲ್ಲಿ ಅವನಿಗೆ ಗಣಿತದ ಬಹುಮಾನವನ್ನು ಕೊಡುವಾಗ ಮುಖ್ಯೋಪಾಧ್ಯಾಯರಾದ ಕೃಷ್ಣಸ್ವಾಮಿ ಅಯ್ಯರ್ ಅವರು, ಪೂರ್ಣಾಂಕಗಳಿಗಿಂತಲೂ ಹೆಚ್ಚು ಅಂಕಗಳಿಗೆ ಈ ವಿದ್ಯಾರ್ಥಿ ಅರ್ಹನೆಂದು ಸಭೆಗೆ ಪರಿಚಯಿಸಿದರು.

ಹೀಗೆ ಎಲ್ಲ ವಿಷಯಗಳಲ್ಲಿಯೂ ಮುಂದಿದ್ದ ಹುಡುಗನು ಒಂದೇ ವರ್ಷದಲ್ಲಿ ಹಿಂದೆ ಬಿದ್ದುದಕ್ಕೆ ಕಾರಣ ಒಂದು ಪುಸ್ತಕ. 1903ರಲ್ಲಿ, ಅವನು ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದಾಗ, ಆ ಪುಸ್ತಕ ಅವನ ಕೈಸೇರಿತು. ಕಾರ್ ಎಂಬ ಆಂಗ್ಲ ಶಿಕ್ಷಕರು ಕೇಂಬ್ರಿಡ್ಜಿನ ಪರೀಕ್ಷೆಗೆ ಕಟ್ಟುವ ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಸಿದ್ಧಪಡಿಸಿದ ಗಣಿತಸಾರವದು. ಅದರಲ್ಲಿ ಸುಮಾರು ಐದು ಸಾವಿರ ಫಲಿತಾಂಶಗಳು ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು. ವಿವರಣೆ ಅತ್ಯಲ್ಪ, ರುಜುವಾತುಗಳು ಬಹುಮಟ್ಟಿಗೆ ಇರಲೇ ಇಲ್ಲ. ಬೇರೆಯವರ ಪಾಲಿಗೆ ಅದು ಪರೀಕ್ಷೆಯ ಹಿಂದಿನ ದಿನ ತಿರುವಿಹಾಕುವ ಒಣ ಪಟ್ಟಿಯಾಗಿದ್ದೀತು. ರಾಮಾನುಜನ್‌ಗಾದರೋ ಅದರ ಒಂದೊಂದು ಸಾಲೂ ಬಿಡಿಸಬೇಕಾದ ಒಂದೊಂದು ಒಗಟಾಯಿತು. ಪುಸ್ತಕದಲ್ಲಿ ಇಲ್ಲದ ರುಜುವಾತನ್ನು ತಾನೇ ಹುಡುಕುವುದು, ಹುಡುಕುವಾಗ ಎದುರಾದ ಹೊಸ ಸೂತ್ರವನ್ನು ಬರೆದಿಡುವುದು, ಆ ಸೂತ್ರದಿಂದ ಮತ್ತೊಂದಕ್ಕೆ ಹೋಗುವುದು, ಇದೇ ಅವನ ದಿನಚರಿಯಾಯಿತು. ಫಲಿತಾಂಶವನ್ನು ಮಾತ್ರ ಬರೆದು ದಾರಿಯನ್ನು ಬರೆಯದೆ ಬಿಡುವ ಅಭ್ಯಾಸವೂ ಈ ಪುಸ್ತಕದಿಂದಲೇ ಅವನಿಗೆ ಅಂಟಿಕೊಂಡಿತು. ಮುಂದೆ ಅದರಿಂದ ಅವನು ಪಟ್ಟ ಪಾಡು ಕಡಮೆಯದಲ್ಲ.

ಇಂತಹ ಮನಸ್ಸನ್ನು ಹೊತ್ತುಕೊಂಡು ಅವನು ಕಾಲೇಜಿನ ಮೆಟ್ಟಿಲನ್ನು ಹತ್ತಿದನು. ಆ ಕಾಲದಲ್ಲಿ ಹೈಸ್ಕೂಲು ಮುಗಿಸಿದವರು ಎಫ್.ಎ. ಎಂಬ ಎರಡು ವರ್ಷಗಳ ತರಗತಿಯನ್ನು ಸೇರುತ್ತಿದ್ದರು. ನಮ್ಮ ಪದವಿಪೂರ್ವ ಶಿಕ್ಷಣಕ್ಕೆ ಅದನ್ನು ಹೋಲಿಸಬಹುದು. ಗಣಿತವಲ್ಲದೆ ಇಂಗ್ಲಿಷ್, ಸಂಸ್ಕೃತ, ಶರೀರಶಾಸ್ತ್ರ, ಗ್ರೀಸ್ ಮತ್ತು ರೋಮ್ ದೇಶಗಳ ಇತಿಹಾಸ ಇಷ್ಟನ್ನೂ ಅಲ್ಲಿ ಓದಬೇಕಾಗಿದ್ದಿತು. ಎಲ್ಲದರಲ್ಲಿಯೂ ತೇರ್ಗಡೆಯಾದರೆ ಮಾತ್ರ ಮುಂದಿನ ದಾರಿ. ಒಂದರಲ್ಲಿ ಪಡೆದ ಪೂರ್ಣಾಂಕ ಇನ್ನೊಂದರ ಕೊರತೆಯನ್ನು ತುಂಬುತ್ತಿರಲಿಲ್ಲ. ರಾಮಾನುಜನ್ ತರಗತಿಯಲ್ಲಿ ಕುಳಿತಿರುತ್ತಿದ್ದನು. ಎದುರಿಗೆ ರೋಮ್ ಚಕ್ರವರ್ತಿಗಳ ಪಾಠ ನಡೆಯುತ್ತಿರುತ್ತಿದ್ದಿತು. ಅವನ ಕೈ ಮಾತ್ರ ಸಂಖ್ಯೆಗಳನ್ನು ಬರೆಯುತ್ತಿದ್ದಿತು. ವರ್ಷಾಂತ್ಯದಲ್ಲಿ ಇಂಗ್ಲಿಷ್ ಪ್ರಬಂಧರಚನೆಯ ಪತ್ರಿಕೆಯಲ್ಲಿ ಅನುತ್ತೀರ್ಣನಾದನು. ವಿದ್ಯಾರ್ಥಿವೇತನ ನಿಂತುಹೋಯಿತು.

ವಿದ್ಯಾರ್ಥಿವೇತನವೆಂಬುದು ಆ ಮನೆಗೆ ಬರಿಯ ಗೌರವದ ಮಾತಾಗಿರಲಿಲ್ಲ. ಕಾಲೇಜಿನ ಶುಲ್ಕ ಅವಧಿಯೊಂದಕ್ಕೆ 32 ರೂಪಾಯಿ, ಎಂದರೆ ತಂದೆಯ ಒಂದೂವರೆ ತಿಂಗಳ ಸಂಪಾದನೆಗಿಂತಲೂ ಹೆಚ್ಚು. ತಾಯಿ ಕೋಮಲತ್ತಮ್ಮಾಳ್ ಸುಮ್ಮನೆ ಕುಳಿತುಕೊಳ್ಳುವ ಹೆಂಗಸಲ್ಲ. ನೇರವಾಗಿ ಪ್ರಾಂಶುಪಾಲರ ಬಳಿಗೆ ಹೋಗಿ, ಗಣಿತದಲ್ಲಿ ಸಾಟಿಯೇ ಇಲ್ಲದ ತನ್ನ ಮಗನ ವೇತನವನ್ನು ನಿಲ್ಲಿಸಿದುದೇಕೆಂದು ಕೇಳಿದರು. ಪ್ರಾಂಶುಪಾಲರು ಸೌಜನ್ಯದಿಂದಲೇ ಉತ್ತರಿಸಿದರು. ಆದರೆ ನಿಯಮವನ್ನು ಸಡಿಲಿಸಲಿಲ್ಲ. ರಾಮಾನುಜನ್ ಇನ್ನೂ ಕೆಲವು ತಿಂಗಳು ಹೇಗೋ ತರಗತಿಗಳಿಗೆ ಹೋಗುತ್ತಿದ್ದನು. 1905ರ ಆಗಸ್ಟ್ ತಿಂಗಳಿನಲ್ಲಿ ಒಂದು ದಿನ ಯಾರಿಗೂ ಹೇಳದೆ ರೈಲು ಹತ್ತಿ, ಪೂರ್ವ ಕರಾವಳಿಯಲ್ಲಿ ಬಹು ದೂರದಲ್ಲಿರುವ ವಿಶಾಖಪಟ್ಟಣಕ್ಕೆ ಹೊರಟುಹೋದನು. ಸೆಪ್ಟೆಂಬರ್ ಆರಂಭದಲ್ಲಿ ಮದರಾಸಿನ ಹಿಂದೂ ಪತ್ರಿಕೆಯಲ್ಲಿ ಕಾಣೆಯಾದ ಹುಡುಗನ ಬಗೆಗೆ ಪ್ರಕಟಣೆ ಬಂದಿತು. ಸೋತೆನೆಂಬ ಭಾವನೆ, ಮನೆಯವರಿಗೆ ಮುಖ ತೋರಿಸಲಾರದ ನಾಚಿಕೆ, ಇವು ಹದಿನೇಳು ವರ್ಷದ ಹುಡುಗನನ್ನು ಎಷ್ಟು ದೂರ ಓಡಿಸಬಲ್ಲವೆಂಬುದು ಇದರಿಂದ ತಿಳಿಯುತ್ತದೆ. ಅವನು ಕ್ಷೇಮವಾಗಿ ಹಿಂದಿರುಗಿದನು. ಆದರೆ ಅಷ್ಟರಲ್ಲಿ ಹಾಜರಿ ಸಾಲದೆ ಹೋಗಿ, ಕುಂಭಕೋಣದ ಕಾಲೇಜಿನ ಬಾಗಿಲು ಅವನ ಪಾಲಿಗೆ ಮುಚ್ಚಿತು.

1906ರ ಆರಂಭದಲ್ಲಿ ಅವನು ಮದರಾಸಿಗೆ ಬಂದು ಪಚ್ಚೈಯಪ್ಪ ಕಾಲೇಜನ್ನು ಸೇರಿದನು. ಊರು ಹೊಸದು, ಕಾಲೇಜು ಹೊಸದು. ಹಳೆಯ ಸೋಲನ್ನು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಹಣ್ಣಿನ ಪೇಟೆಯ ಸಮೀಪದ ಓಣಿಯೊಂದರಲ್ಲಿದ್ದ ಅಜ್ಜಿಯ ಮನೆಯಲ್ಲಿ ಅವನ ವಾಸ. ಗಣಿತದ ಅಧ್ಯಾಪಕರಾದ ರಾಮಾನುಜಾಚಾರ್ಯರು ಅವನ ಟಿಪ್ಪಣಿ ಪುಸ್ತಕಗಳನ್ನು ನೋಡಿ ಬೆರಗಾದರು. ಅವರು ಕರಿಹಲಗೆಯ ಮೇಲೆ ಹನ್ನೆರಡು ಹಂತಗಳಲ್ಲಿ ಬಿಡಿಸಿದ ಲೆಕ್ಕವನ್ನು ರಾಮಾನುಜನ್ ಎದ್ದು ಬಂದು ಮೂರು ನಾಲ್ಕು ಹಂತಗಳಲ್ಲಿ ಮುಗಿಸುತ್ತಿದ್ದನು. ಹಿರಿಯ ಪ್ರಾಧ್ಯಾಪಕರಾದ ಸಿಂಗಾರವೇಲು ಮುದಲಿಯಾರರಂತೂ ಗಣಿತದ ಪತ್ರಿಕೆಗಳಲ್ಲಿ ಬರುತ್ತಿದ್ದ ಕಠಿನ ಸಮಸ್ಯೆಗಳನ್ನು ಅವನೊಡನೆ ಕುಳಿತು ಬಿಡಿಸುತ್ತಿದ್ದರು. ವಿದ್ಯಾರ್ಥಿಯ ಶಕ್ತಿಯನ್ನು ಕಂಡು ಸಂತೋಷಪಡುವ ಗುರುಗಳು ದೊರೆತರು ಎಂಬುದೇ ಈ ಸ್ಥಳಾಂತರದಿಂದ ಅವನಿಗಾದ ಲಾಭ.

ಆದರೆ ಕಾಲೇಜು ಬದಲಾದರೂ ಪಠ್ಯಕ್ರಮ ಬದಲಾಗಲಿಲ್ಲ. ರಾಮಾನುಜನ್ ಸಹ ಬದಲಾಗಲಿಲ್ಲ. ಎರಡೂ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೇ ಸೇರಿದವು. ಎರಡರ ವಿದ್ಯಾರ್ಥಿಗಳೂ ಅದೇ ಎಫ್.ಎ. ಪರೀಕ್ಷೆಗೆ ಕುಳಿತುಕೊಳ್ಳಬೇಕು. ಈ ಸಲ ಅವನನ್ನು ಹೆಚ್ಚಾಗಿ ಕಾಡಿದುದು ಶರೀರಶಾಸ್ತ್ರ. ಪ್ರಾಣಿಗಳನ್ನು ಕೊಯ್ದು ಅಂಗಾಂಗಗಳನ್ನು ತೋರಿಸುವ ಆ ಪಾಠ, ಆಚಾರವಂತ ಸಸ್ಯಾಹಾರಿ ಮನೆತನದಿಂದ ಬಂದ ಹುಡುಗನಿಗೆ ಸಹ್ಯವಾಗಲಿಲ್ಲ. ಜೀರ್ಣಾಂಗಗಳ ಮೇಲಿನ ಪ್ರಶ್ನೆಗೆ, ಆ ಪಾಠ ತನಗೆ ಜೀರ್ಣವಾಗಿಲ್ಲವೆಂಬ ಅರ್ಥ ಬರುವಂತೆ ಏನನ್ನೋ ಗೀಚಿ, ಹೆಸರನ್ನೂ ಬರೆಯದೆ ಉತ್ತರಪತ್ರಿಕೆಯನ್ನು ಕೊಟ್ಟನೆಂಬ ಕತೆಯೊಂದು ಪ್ರಚಾರದಲ್ಲಿದೆ. ಬರೆದವನು ಯಾರೆಂದು ತಿಳಿಯಲು ಅಧ್ಯಾಪಕರಿಗೆ ಹೆಸರು ಬೇಕಾಗಿರಲಿಲ್ಲವಂತೆ. ನಗು ಬರಿಸುವ ಕತೆಯೇ ಸರಿ. ಆದರೆ ಅದರ ಫಲ ನಗುವಂತಹದಾಗಿರಲಿಲ್ಲ. ನಡುವೆ ಆಮಶಂಕೆ ತಗಲಿ ಮೂರು ತಿಂಗಳು ಊರಿನಲ್ಲಿಯೇ ಮಲಗಬೇಕಾಯಿತು. 1906ರ ಡಿಸೆಂಬರಿನಲ್ಲಿ ಪರೀಕ್ಷೆಗೆ ಕುಳಿತು ಅನುತ್ತೀರ್ಣನಾದನು. 1907ರ ಡಿಸೆಂಬರಿನಲ್ಲಿ ಮತ್ತೆ ಕುಳಿತು ಮತ್ತೆ ಅನುತ್ತೀರ್ಣನಾದನು. ಅಲ್ಲಿಗೆ ಅವನ ಕಾಲೇಜು ವಿದ್ಯಾಭ್ಯಾಸ ಮುಗಿಯಿತು.

ಇದರಲ್ಲಿ ತಪ್ಪು ಯಾರದು? ನಿಯಮ ಎಲ್ಲರಿಗೂ ಒಂದೇ ಆಗಿದ್ದಿತು. ಸಾವಿರಾರು ವಿದ್ಯಾರ್ಥಿಗಳಿಗೆ ಅದು ಅನ್ಯಾಯವೇನನ್ನೂ ಮಾಡಲಿಲ್ಲ. ರಾಮಾನುಜನ್ ಸಹ ಬೇರೆ ಪುಸ್ತಕಗಳಿಗೆ ದಿನಕ್ಕೆ ಒಂದು ಗಂಟೆಯನ್ನು ಕೊಟ್ಟಿದ್ದರೆ ತೇರ್ಗಡೆಯಾಗುವಷ್ಟು ಬುದ್ಧಿವಂತನೇ. ಹತ್ತನೆಯ ವಯಸ್ಸಿನಲ್ಲಿ ಎಲ್ಲ ವಿಷಯಗಳಲ್ಲಿಯೂ ಗೆದ್ದವನಿಗೆ ಹದಿನೆಂಟರಲ್ಲಿ ಅದು ಆಗದ ಮಾತಾಗಿರಲಿಲ್ಲ. ಅವನ ಮನಸ್ಸು ಅಲ್ಲಿಗೆ ತಿರುಗಲೇ ಇಲ್ಲ. ಇತ್ತ ಅವನ ಶಕ್ತಿಯನ್ನು ಕಣ್ಣಾರೆ ಕಂಡ ಅಧ್ಯಾಪಕರು ಎರಡು ಕಾಲೇಜುಗಳಲ್ಲಿಯೂ ಇದ್ದರು. ಅಂತಹ ಒಬ್ಬನಿಗಾಗಿ ಬೇರೊಂದು ಬಾಗಿಲನ್ನು ತೆರೆಯುವ ಅಧಿಕಾರ ಮಾತ್ರ ಅವರಾರಿಗೂ ಇರಲಿಲ್ಲ. ಮುಂದೆ ರಾಮಾನುಜನ್ ಅವರಿಗೆ ಗುರುವೂ ಮಿತ್ರರೂ ಆದ ಹಾರ್ಡಿಯವರು ಈ ವರ್ಷಗಳನ್ನು ಕುರಿತು ಆಲೋಚಿಸಿ, ರಾಮಾನುಜನ್ ಬದುಕಿನ ನಿಜವಾದ ದುರಂತ ಅಕಾಲ ಮರಣವಲ್ಲವೆಂದೂ, ಹದಿನೆಂಟರಿಂದ ಇಪ್ಪತ್ತೈದರವರೆಗಿನ ಅಮೂಲ್ಯ ವರ್ಷಗಳಲ್ಲಿ ಅವರ ಪ್ರತಿಭೆ ಸರಿಯಾದ ದಾರಿ ಕಾಣದೆ ಹೋದುದೇ ದುರಂತವೆಂದೂ ಅಭಿಪ್ರಾಯಪಟ್ಟರು.

ಆ ವರ್ಷಗಳು ಹೇಗೆ ಕಳೆದವು? ಕುಂಭಕೋಣದ ಮನೆಯ ಜಗಲಿಯ ಮೇಲೆ ಕಾಲು ಮಡಿಸಿ ಕುಳಿತು, ತೊಡೆಯ ಮೇಲೆ ದೊಡ್ಡ ಸ್ಲೇಟನ್ನು ಇರಿಸಿಕೊಂಡು ರಾಮಾನುಜನ್ ಲೆಕ್ಕಗಳನ್ನು ಬರೆಯುತ್ತಿದ್ದರು. ಬರೆದುದನ್ನು ಒರೆಸಲು ಬಟ್ಟೆಯನ್ನು ಹುಡುಕುವಷ್ಟು ತಾಳ್ಮೆ ಇರಲಿಲ್ಲ, ಮೊಣಕೈಯಿಂದಲೇ ಉಜ್ಜಿಬಿಡುತ್ತಿದ್ದರು. ಕಾಗದ ದುಬಾರಿಯಾದ ವಸ್ತು. ಆದುದರಿಂದ ಸ್ಲೇಟಿನ ಮೇಲೆ ಇಡೀ ಲೆಕ್ಕವನ್ನು ಮಾಡಿ, ಅಂತಿಮ ಸೂತ್ರವನ್ನು ಮಾತ್ರ ಟಿಪ್ಪಣಿ ಪುಸ್ತಕಕ್ಕೆ ಏರಿಸುತ್ತಿದ್ದರು. ದಾರಿಯೆಲ್ಲ ಮೊಣಕೈಯ ಕೆಳಗೆ ಅಳಿಸಿಹೋಗುತ್ತಿದ್ದಿತು. ಹುಡುಗರಿಗೆ ಮನೆಪಾಠ ಹೇಳಿ ಸಂಪಾದಿಸಲು ಪ್ರಯತ್ನಿಸಿದರು. ಆದರೆ ಪಠ್ಯಪುಸ್ತಕದಲ್ಲಿದ್ದಂತೆ ಹೇಳಿಕೊಡುವುದು ಅವರಿಂದಾಗಲಿಲ್ಲ. 1909ರಲ್ಲಿ, ಆ ಕಾಲದ ಪದ್ಧತಿಯಂತೆ, ಇನ್ನೂ ಎಳೆಯ ವಯಸ್ಸಿನ ಜಾನಕಿಯೊಡನೆ ಅವರ ವಿವಾಹ ನಡೆಯಿತು. ಮರುವರ್ಷದ ಆರಂಭದಲ್ಲಿ ಒಂದು ಶಸ್ತ್ರಚಿಕಿತ್ಸೆಯಾಯಿತು. ಕಾಯಿಲೆಯ ಆ ದಿನಗಳಲ್ಲಿ ತಾವು ಬದುಕುವುದು ಸಂದೇಹವೆಂದು ತೋರಿದಾಗ, ಅವರು ಟಿಪ್ಪಣಿ ಪುಸ್ತಕಗಳನ್ನು ಸ್ನೇಹಿತರೊಬ್ಬರ ಕೈಯಲ್ಲಿಟ್ಟು, ತಾವು ತೀರಿಕೊಂಡರೆ ಅವುಗಳನ್ನು ಪಚ್ಚೈಯಪ್ಪ ಕಾಲೇಜಿನ ಸಿಂಗಾರವೇಲು ಮುದಲಿಯಾರರಿಗಾಗಲಿ, ಕ್ರಿಶ್ಚಿಯನ್ ಕಾಲೇಜಿನ ಪ್ರಾಧ್ಯಾಪಕ ರಾಸ್ ಅವರಿಗಾಗಲಿ ತಲುಪಿಸಬೇಕೆಂದು ಕೇಳಿಕೊಂಡರು. ತಾವು ಅನುತ್ತೀರ್ಣರಾದ ಕಾಲೇಜಿನ ಗುರುವನ್ನೇ ಅವರು ಆಗ ನೆನೆದರು.

ಚೇತರಿಸಿಕೊಂಡ ಮೇಲೆ ಸಂಸಾರದ ಹೊಣೆ ಕಣ್ಣೆದುರಿಗೆ ನಿಂತಿತು. ಪದವಿಯಿಲ್ಲ, ಎಫ್.ಎ. ಸಹ ಇಲ್ಲ. ಕೈಯಲ್ಲಿದ್ದುದು ಟಿಪ್ಪಣಿ ಪುಸ್ತಕಗಳು ಮಾತ್ರ. ಅವುಗಳನ್ನೇ ಅರ್ಹತಾಪತ್ರವಾಗಿ ಹಿಡಿದುಕೊಂಡು 1910ರಲ್ಲಿ ತಿರುಕೋಯಿಲೂರಿಗೆ ಹೋಗಿ, ಅಲ್ಲಿ ಡೆಪ್ಯುಟಿ ಕಲೆಕ್ಟರರಾಗಿದ್ದ ರಾಮಸ್ವಾಮಿ ಅಯ್ಯರ್ ಅವರನ್ನು ಕಂಡು ಗುಮಾಸ್ತೆಯ ಕೆಲಸವೊಂದನ್ನು ಬೇಡಿದರು. ರಾಮಸ್ವಾಮಿ ಅಯ್ಯರ್ ಅವರು 1907ರಲ್ಲಿ ಭಾರತೀಯ ಗಣಿತ ಸಂಘವನ್ನು ಸ್ಥಾಪಿಸಿದವರು. ಪುಟಗಳನ್ನು ತಿರುವಿ ನೋಡಿದ ಅವರು, ಇಂತಹವರನ್ನು ಕಂದಾಯ ಇಲಾಖೆಯ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿ ಆ ಪ್ರತಿಭೆಯನ್ನು ಹಿಚುಕಲು ಒಪ್ಪದೆ, ಮದರಾಸಿನ ಗಣಿತಜ್ಞರಿಗೆ ಪತ್ರ ಬರೆದು ಕಳುಹಿಸಿದರು. ಅಲ್ಲಿ ಅವರಿಗೆ, ಹಿಂದೆ ಕುಂಭಕೋಣದ ಕಾಲೇಜಿನಲ್ಲಿ ಪಾಠ ಹೇಳಿದ್ದ ಶೇಷು ಅಯ್ಯರ್ ಅವರೇ ಮತ್ತೆ ಸಿಕ್ಕಿದರು. ಶೇಷು ಅಯ್ಯರ್ ಅವರ ಮೂಲಕ ನೆಲ್ಲೂರಿನ ಕಲೆಕ್ಟರರಾಗಿದ್ದ ರಾಮಚಂದ್ರ ರಾಯರ ಪರಿಚಯವಾಯಿತು. ರಾಯರಿಗೆ ಮೊದಲು ನಂಬಿಕೆ ಬರಲಿಲ್ಲ. ಎರಡು ಮೂರು ಭೇಟಿಗಳಾದ ಮೇಲೆ, ಎದುರಿಗೆ ನಿಂತಿರುವವರು ಸಾಮಾನ್ಯರಲ್ಲವೆಂದು ಮನವರಿಕೆಯಾಯಿತು. ಏನು ಬೇಕೆಂದು ವಿಚಾರಿಸಿದಾಗ ರಾಮಾನುಜನ್ ಕೇಳಿದುದು ಗಣಿತ ಮಾಡಲು ಬಿಡುವು, ಮತ್ತು ಹೊಟ್ಟೆಗೆ ಸಾಲುವಷ್ಟು ಅನ್ನ. ರಾಯರು ತಿಂಗಳಿಗೆ 25 ರೂಪಾಯಿಗಳನ್ನು ತಮ್ಮ ಕೈಯಿಂದಲೇ ಕೊಡತೊಡಗಿದರು. ಸರ್ಕಾರದ ವಿದ್ಯಾರ್ಥಿವೇತನಕ್ಕೆ ಯತ್ನಿಸಿದರೆ, ಮತ್ತೆ ಅದೇ ಎಫ್.ಎ. ಅಡ್ಡ ಬಂದಿತು.

ಇಷ್ಟರಲ್ಲಿ 1911ರಲ್ಲಿ ಗಣಿತ ಸಂಘದ ಪತ್ರಿಕೆಯಲ್ಲಿ ರಾಮಾನುಜನ್ ಅವರ ಹೆಸರು ಅಚ್ಚಾಯಿತು. ಆ ಪತ್ರಿಕೆಯ ಸಂಪಾದಕರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕರಾದ ನಾರಾಯಣ ಅಯ್ಯಂಗಾರರು. ರಾಮಾನುಜನ್ ಕಳುಹಿಸಿದ ಮೊದಲ ಲೇಖನವನ್ನು ಓದಿದ ಅವರಿಗೆ ಅದರ ನವೀನತೆಯೂ ಕಂಡಿತು, ಅಸ್ಪಷ್ಟತೆಯೂ ಕಂಡಿತು. ಸಾಧಾರಣ ಓದುಗನು ಅನುಸರಿಸಲಾರದಷ್ಟು ಸಂಕ್ಷಿಪ್ತವಾಗಿ ಬರೆದಿದ್ದ ಆ ಹಸ್ತಪ್ರತಿ ಬೆಂಗಳೂರಿಗೂ ಮದರಾಸಿಗೂ ನಡುವೆ ಮೂರು ಬಾರಿ ಹೋಗಿ ಬಂದಿತು. ತಿರಸ್ಕರಿಸುವುದು ಸಂಪಾದಕರಿಗೆ ಸುಲಭವಾಗಿದ್ದಿತು, ಅವರು ತಿದ್ದಿಸಿದರು. ಕಾಲೇಜು ಕಲಿಸಲಾಗದೆ ಹೋದ ಬರವಣಿಗೆಯ ಶಿಸ್ತಿನ ಮೊದಲ ಪಾಠ ರಾಮಾನುಜನ್‌ಗೆ ದೊರೆತುದು ಅಂಚೆಯ ಮೂಲಕ, ಬೆಂಗಳೂರಿನಿಂದ.

ಅದೇ ಪತ್ರಿಕೆಯಲ್ಲಿ ಅವರು ಓದುಗರ ಮುಂದಿಟ್ಟ ಒಂದು ಪ್ರಶ್ನೆಯನ್ನು ಒಂಬತ್ತನೆಯ ತರಗತಿಯವರೂ ಅರಿಯಬಹುದು. ವರ್ಗಮೂಲದೊಳಗೆ ವರ್ಗಮೂಲ, ಅದರೊಳಗೆ ಮತ್ತೊಂದು, ಹೀಗೆ ಕೊನೆಯೇ ಇಲ್ಲದೆ ಸಾಗುವ ಒಂದು ರಾಶಿಯನ್ನು ಕೊಟ್ಟು, ಅದರ ಬೆಲೆಯೆಷ್ಟೆಂದು ಕೇಳಿದ್ದರು. ಆರು ತಿಂಗಳು ಕಾದರೂ ಯಾರೂ ಉತ್ತರಿಸಲಿಲ್ಲ. ಉತ್ತರ 3. 3 ಎಂಬುದು 9ರ ವರ್ಗಮೂಲ. 9 ಎಂದರೆ 1 + 2 × 4. ಅಲ್ಲಿರುವ 4 ಎಂಬುದು 16ರ ವರ್ಗಮೂಲ. 16 ಎಂದರೆ 1 + 3 × 5. ಅಲ್ಲಿರುವ 5 ಎಂಬುದು 25ರ ವರ್ಗಮೂಲ. 25 ಎಂದರೆ 1 + 4 × 6. ಒಂದೊಂದು ಸಂಖ್ಯೆಯ ಜಾಗದಲ್ಲಿಯೂ ಅದರ ವರ್ಗಮೂಲದ ರೂಪವನ್ನು ಇಡುತ್ತ ಹೋದರೆ ರಾಮಾನುಜನ್ ಅವರ ಆ ಅನಂತ ರಾಶಿ ತಾನಾಗಿ ಬೆಳೆಯುತ್ತದೆ. ನೋಡಿದ ಮೇಲೆ ಸರಳ. ಮೊದಲು ನೋಡಿದವರು ಅವರು.

ದುಡಿಯದೆ ಇನ್ನೊಬ್ಬರ ಹಣದಲ್ಲಿ ಬಾಳುವುದು ರಾಮಾನುಜನ್ ಅವರಿಗೆ ಹಿಡಿಸಲಿಲ್ಲ. 1912ರ ಫೆಬ್ರವರಿಯಲ್ಲಿ ಮದರಾಸಿನ ಪೋರ್ಟ್ ಟ್ರಸ್ಟ್ ಕಚೇರಿಗೆ ಅರ್ಜಿ ಹಾಕಿದರು. ಮೆಟ್ರಿಕ್ಯುಲೇಷನ್ ತೇರ್ಗಡೆಯಾಗಿರುವುದಾಗಿಯೂ, ಎಫ್.ಎ.ವರೆಗೆ ಓದಿ ಪ್ರತಿಕೂಲ ಸಂದರ್ಭಗಳ ಕಾರಣ ಮುಂದುವರಿಸಲಾಗಲಿಲ್ಲವೆಂದೂ ಅದರಲ್ಲಿ ಬರೆದರು. ಏಳೆಂಟು ವರ್ಷಗಳ ನೋವು ಆ ಒಂದು ವಾಕ್ಯದಲ್ಲಿ ಅಡಗಿದೆ. ಮಾರ್ಚ್ 1ರಿಂದ 30 ರೂಪಾಯಿ ಸಂಬಳದ ಗುಮಾಸ್ತೆಯ ಕೆಲಸ ದೊರೆಯಿತು. ಅಲ್ಲಿಯ ಮುಖ್ಯ ಲೆಕ್ಕಾಧಿಕಾರಿ ನಾರಾಯಣ ಅಯ್ಯರ್ ಅವರೂ ಗಣಿತಜ್ಞರೇ. ಸಂಜೆಯ ಹೊತ್ತು ಇಬ್ಬರೂ ಸ್ಲೇಟು ಹಿಡಿದು ಕೂರುತ್ತಿದ್ದರು. ಕಚೇರಿಯ ಅಧ್ಯಕ್ಷರಾದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರು ಸಹ ಈ ಗುಮಾಸ್ತರಲ್ಲಿ ಆಸಕ್ತಿ ವಹಿಸಿದರು. ಇವರೆಲ್ಲರ ಪ್ರೋತ್ಸಾಹದಿಂದ ರಾಮಾನುಜನ್ 1913ರ ಜನವರಿ 16ರಂದು ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿದ್ದ ಹಾರ್ಡಿಯವರಿಗೆ ಪತ್ರ ಬರೆದರು. ತಾವು ಬಡ ಗುಮಾಸ್ತರೆಂಬುದನ್ನೂ, ತಮಗೆ ವಿಶ್ವವಿದ್ಯಾನಿಲಯದ ಶಿಕ್ಷಣವಿಲ್ಲವೆಂಬುದನ್ನೂ ಮುಚ್ಚಿಡದೆ ಮೊದಲಿಗೇ ತಿಳಿಸಿ, ನೂರರಷ್ಟು ಸೂತ್ರಗಳನ್ನು ಜತೆಗಿರಿಸಿದ್ದರು. ಹಾರ್ಡಿಯವರು ತಮ್ಮ ಮಿತ್ರ ಲಿಟಲ್‌ವುಡ್ಡರೊಡನೆ ಕುಳಿತು ಅವುಗಳನ್ನು ಪರಿಶೀಲಿಸಿ, ಇದು ವಂಚಕನ ಕೆಲಸವಲ್ಲ, ಮಹಾ ಪ್ರತಿಭಾವಂತನ ಕೆಲಸವೆಂದು ನಿರ್ಧರಿಸಿದರು.

ಈಗ ಮದರಾಸು ವಿಶ್ವವಿದ್ಯಾನಿಲಯವೂ ಎಚ್ಚೆತ್ತಿತು. ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞರು ಮದರಾಸಿಗೆ ಬಂದಾಗ ಈ ಟಿಪ್ಪಣಿಗಳನ್ನು ನೋಡಿ, ವಿಶ್ವವಿದ್ಯಾನಿಲಯಕ್ಕೆ ಬಲವಾದ ಶಿಫಾರಸನ್ನು ಬರೆದರು. ಸಂಶೋಧನ ವೇತನಕ್ಕೆ ಸ್ನಾತಕೋತ್ತರ ಪದವಿ ಅಗತ್ಯವೆಂದು ನಿಯಮಗಳಿದ್ದವು. ಇಲ್ಲಿಯಾದರೋ ಅಭ್ಯರ್ಥಿ ಎರಡು ಬಾರಿ ಎಫ್.ಎ. ಪರೀಕ್ಷೆಯಲ್ಲಿ ಬಿದ್ದವರು. ಸಂಶೋಧನೆಯನ್ನು ಬೆಳೆಸುವುದು ವಿಶ್ವವಿದ್ಯಾನಿಲಯದ ಉದ್ದೇಶಗಳಲ್ಲೊಂದೆಂದು ಅದರ ಸ್ಥಾಪನೆಯ ಕಾಯಿದೆಯ ಪೀಠಿಕೆಯಲ್ಲಿಯೇ ಇದೆಯೆಂದು ಸಭೆಯಲ್ಲಿ ವಾದ ಬಂದು, ಕೊನೆಗೆ ನಿಯಮವನ್ನು ಬದಿಗಿಡಲಾಯಿತು. 1913ರ ಮೇ ತಿಂಗಳಿನಿಂದ ರಾಮಾನುಜನ್ ಅವರಿಗೆ ತಿಂಗಳಿಗೆ 75 ರೂಪಾಯಿಗಳ ವೇತನ ದೊರೆಯಿತು. ಕುಂಭಕೋಣದಲ್ಲಿ ಕಳೆದುಕೊಂಡ ವಿದ್ಯಾರ್ಥಿವೇತನಕ್ಕೂ ಇದಕ್ಕೂ ನಡುವೆ ಎಂಟು ವರ್ಷಗಳು ಸಂದಿದ್ದವು.

1914ರ ಮಾರ್ಚ್ 17ರಂದು ಅವರು ಮದರಾಸಿನಿಂದ ಹಡಗನ್ನೇರಿದರು. ಅವರ ಮೂರನೆಯ ಕಾಲೇಜಾದ ಟ್ರಿನಿಟಿಯಲ್ಲಿ ಶರೀರಶಾಸ್ತ್ರವಿರಲಿಲ್ಲ, ರೋಮ್ ಇತಿಹಾಸವಿರಲಿಲ್ಲ. ಆದರೆ ಕಲಿಯಬೇಕಾದುದು ಬಹಳವಿದ್ದಿತು. ರುಜುವಾತು ಎಂದರೇನೆಂಬ ಆಧುನಿಕ ಗಣಿತದ ಕಲ್ಪನೆಯೇ ಅವರಿಗೆ ಸ್ಪಷ್ಟವಾಗಿರಲಿಲ್ಲ. ಅವರ ಕೆಲವು ಸೂತ್ರಗಳು ತಪ್ಪೂ ಆಗಿದ್ದವು. ಎಲ್ಲವನ್ನೂ ಮೊದಲಿನಿಂದ ಕಲಿಯಲು ಒತ್ತಾಯಿಸಿದರೆ ಅವರ ಸಹಜ ಸ್ಫೂರ್ತಿ ಬತ್ತಿಹೋದೀತೆಂದು ಹಾರ್ಡಿಯವರಿಗೆ ಅಳುಕು. ಕಲಿಸದೆ ಬಿಡುವಂತೆಯೂ ಇರಲಿಲ್ಲ. ಆದುದರಿಂದ ಬೇಕಾದಷ್ಟನ್ನೇ, ಬೇಕಾದಾಗಲೇ, ಕೆಲಸದ ನಡುವೆ ಕಲಿಸಿದರು. 1915ರಲ್ಲಿ ರಾಮಾನುಜನ್ ಹೆಚ್ಚು ಭಾಜಕಗಳುಳ್ಳ ಸಂಖ್ಯೆಗಳನ್ನು ಕುರಿತು ದೀರ್ಘವಾದ ಪ್ರಬಂಧವನ್ನು ಪ್ರಕಟಿಸಿದರು. ಉದಾಹರಣೆಗೆ 24ನ್ನು ತೆಗೆದುಕೊಳ್ಳಿರಿ. ಅದನ್ನು 1, 2, 3, 4, 6, 8, 12, 24 ಎಂಬ ಎಂಟು ಸಂಖ್ಯೆಗಳು ಶೇಷವಿಲ್ಲದೆ ಭಾಗಿಸುತ್ತವೆ. 24ಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಎಂಟು ಭಾಜಕಗಳಿಲ್ಲ. ಇಂತಹ ಸಂಖ್ಯೆಗಳು ಹೇಗೆ ಹರಡಿಕೊಂಡಿವೆಯೆಂಬುದೇ ಆ ಪ್ರಬಂಧದ ವಿಷಯ. ಸಂಶೋಧನೆಯ ಆಧಾರದ ಮೇಲೆ 1916ರ ಮಾರ್ಚ್ ತಿಂಗಳಿನಲ್ಲಿ ಕೇಂಬ್ರಿಡ್ಜ್ ಅವರಿಗೆ ಬಿ.ಎ. ಪದವಿಯನ್ನಿತ್ತಿತು. ಅವರು ಪಡೆದ ಮೊದಲ ಪದವಿ ಅದು. ಆಗ ಅವರಿಗೆ ಇಪ್ಪತ್ತೆಂಟು ವರ್ಷ.

1917ರಲ್ಲಿ ಅವರ ಆರೋಗ್ಯ ಕೆಟ್ಟಿತು. ಮಹಾಯುದ್ಧದ ಕಾಲ, ಸಸ್ಯಾಹಾರಿಗೆ ತಕ್ಕ ಆಹಾರ ಸಿಗದು, ಚಳಿ ಬೇರೆ. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ಟ್ರಿನಿಟಿಯ ಫೆಲೋ ಪದವಿಯೂ ಬಂದವು. ಟ್ರಿನಿಟಿಯ ಆ ಗೌರವವನ್ನು ಪಡೆದ ಮೊದಲ ಭಾರತೀಯರು ಅವರು. ಮದರಾಸು ವಿಶ್ವವಿದ್ಯಾನಿಲಯವು ವರ್ಷಕ್ಕೆ 250 ಪೌಂಡುಗಳ ಗೌರವಧನವನ್ನು ಗೊತ್ತುಮಾಡಿತು. ಅದಕ್ಕೆ ಉತ್ತರವಾಗಿ ರಾಮಾನುಜನ್ 1919ರ ಜನವರಿಯಲ್ಲಿ ಒಂದು ಪತ್ರ ಬರೆದು, ಆ ಹಣ ತಮಗೆ ಹೆಚ್ಚಾಯಿತೆಂದೂ, ತಮ್ಮ ಅಗತ್ಯದ ವೆಚ್ಚಗಳನ್ನು ಕಳೆದು ವರ್ಷಕ್ಕೆ 50 ಪೌಂಡುಗಳನ್ನು ತಂದೆತಾಯಿಗಳಿಗೆ ಕೊಡಬೇಕೆಂದೂ, ಮಿಕ್ಕುದನ್ನು ಬಡವರ ಹಾಗೂ ಅನಾಥರ ಮಕ್ಕಳಿಗೆ ಶಾಲೆಯ ಶುಲ್ಕವನ್ನು ಇಳಿಸಲು ಮತ್ತು ಪುಸ್ತಕಗಳನ್ನು ಒದಗಿಸಲು ಬಳಸಬೇಕೆಂದೂ ಕೋರಿದರು. ಅವಧಿಗೆ 32 ರೂಪಾಯಿಗಳ ಶುಲ್ಕವನ್ನು ಅವರು ಮರೆತಿರಲಿಲ್ಲ.

1919ರ ಮಾರ್ಚ್ ತಿಂಗಳಲ್ಲಿ ಅವರು ಭಾರತಕ್ಕೆ ಹಿಂದಿರುಗಿದರು. ದೇಹ ಸೊರಗಿದ್ದಿತು. ಮದರಾಸಿನ ಚೇತ್‌ಪಟ್ಟಿನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಗಲೂ ಜಾನಕಿಯಿಂದ ಕಾಗದ, ಸ್ಲೇಟುಗಳನ್ನು ಕೇಳಿ ಪಡೆದು ಬರೆಯುತ್ತಲೇ ಇದ್ದರು. 1920ರ ಏಪ್ರಿಲ್ 26ರಂದು ತೀರಿಕೊಂಡಾಗ ಅವರ ವಯಸ್ಸು ಮೂವತ್ತೆರಡು. ಅವರ ಹಾಸಿಗೆಯ ಬಳಿಯಿದ್ದ ಕಾಗದಗಳು ಮದರಾಸು ವಿಶ್ವವಿದ್ಯಾನಿಲಯವನ್ನು ಸೇರಿದವು. ವಿಶ್ವವಿದ್ಯಾನಿಲಯವು 1923ರಲ್ಲಿ ಅವುಗಳನ್ನು ಕಟ್ಟಿ ಹಾರ್ಡಿಯವರಿಗೆ ಕಳುಹಿಸಿಕೊಟ್ಟಿತು. ಮುಂದೆ ಅವು ಎಲ್ಲಿ ಹೋದವೆಂಬುದೇ ಮರೆತುಹೋಗಿ, 1976ರಲ್ಲಿ ಜಾರ್ಜ್ ಆಂಡ್ರೂಸ್ ಎಂಬ ಅಮೆರಿಕದ ಗಣಿತಜ್ಞರಿಗೆ ಟ್ರಿನಿಟಿ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಪೆಟ್ಟಿಗೆಯೊಳಗೆ ಸಿಕ್ಕಿದವು. ನೂರಕ್ಕೂ ಹೆಚ್ಚು ಪುಟಗಳು. ಸುಮಾರು ಆರುನೂರು ಸೂತ್ರಗಳು. ಹಿಂದಿನಂತೆಯೇ ಅವುಗಳಿಗೆ ರುಜುವಾತುಗಳಿರಲಿಲ್ಲ. ಆಂಡ್ರೂಸರೂ ಅವರ ಸಹೋದ್ಯೋಗಿ ಬ್ರೂಸ್ ಬರ್ಂಟ್ ಅವರೂ ಸೇರಿ ಆ ಸೂತ್ರಗಳನ್ನು ರುಜುವಾತುಗಳೊಡನೆ ಐದು ಸಂಪುಟಗಳಲ್ಲಿ ಪ್ರಕಟಿಸಿದರು. ಮೊದಲನೆಯ ಸಂಪುಟ 2005ರಲ್ಲಿಯೂ ಕೊನೆಯದು 2018ರಲ್ಲಿಯೂ ಹೊರಬಂದವು.